ಇನೋವಾ: ಹೌಸಿಂಗ್ ಆಯಿಲ್ ಬದಲಿಸಿದ ಮೇಲೆ ಹಿಂದಿನಿಂದ ಗುಂಯ್ ಸದ್ದು, ಏನಿರಬಹುದು?

ಮೂಡಿಗೆರೆ_ಇನೋವಾ

ಎಲ್ಲರಿಗೂ ನಮಸ್ಕಾರ. ನನ್ನದು 2010ರ ಇನೋವಾ, 2.5 ಡೀಸೆಲ್, ಮ್ಯಾನುಯಲ್ ಗೇರ್. ಓಡಿರುವುದು 2,34,000 ಕಿ.ಮೀ. ಮನೆ ಮೂಡಿಗೆರೆ ಹತ್ತಿರ. ತಿಂಗಳಿಗೆ ಮೂರ್ನಾಲ್ಕು ಸಲ ಅಮ್ಮನನ್ನು ಮಂಗಳೂರಿನ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು, ಅಂದರೆ ಚಾರ್ಮಾಡಿ ಇಳಿಯುವುದು, ಹತ್ತುವುದು ಇದ್ದೇ ಇದೆ.

ಹತ್ತು ದಿನದ ಹಿಂದೆ ಒಂದು ಗ್ಯಾರೇಜಿನಲ್ಲಿ ಸರ್ವಿಸ್ ಮಾಡಿಸಿದೆ. ಗೇರ್ ಬಾಕ್ಸ್ ಆಯಿಲ್, ಹಿಂದಿನ ಹೌಸಿಂಗ್ (ಹಿಂದಿನ ಎರಡು ಚಕ್ರದ ನಡುವಿನ ಡಿಫರೆನ್ಷಿಯಲ್) ಆಯಿಲ್ ಎರಡೂ ಬದಲಿಸಿದರು. ಅಲ್ಲಿಯವರೆಗೆ ಹಿಂದಿನಿಂದ ಒಂದು ಚೂರೂ ಸದ್ದು ಇರಲಿಲ್ಲ. ಮಾರನೇ ದಿನ ಹೈವೇಗೆ ಹೋದಾಗ 55 ದಾಟಿದ ತಕ್ಷಣ ಹಿಂದಿನಿಂದ ಗುಂಯ್ ಎಂದು ಶುರುವಾಯಿತು. 70ರಲ್ಲಿ ಜಾಸ್ತಿ. ಆಕ್ಸಿಲರೇಟರ್ ಬಿಟ್ಟರೆ ಸ್ವಲ್ಪ ಕಡಿಮೆಯಾಗುತ್ತದೆ, ಪೂರ್ತಿ ನಿಲ್ಲುವುದಿಲ್ಲ. ಉಜಿರೆ ಕಡೆಯಿಂದ ಘಾಟಿ ಹತ್ತುವಾಗ ಇನ್ನೂ ಜೋರು. ಕೊನೆ ಸೀಟಿನಲ್ಲಿ ಕೂತವರಿಗೆ ಚೆನ್ನಾಗಿ ಕೇಳುತ್ತದೆ, ಮುಂದೆ ಕೂತರೆ ಅಷ್ಟಿಲ್ಲ.

ಗ್ಯಾರೇಜಿನವರನ್ನು ಕೇಳಿದರೆ "ಗಾಡಿಗೆ ವಯಸ್ಸಾಯಿತು ಸರ್, ಕ್ರೌನ್ ಪಿನಿಯನ್ ಹೋಗಿದೆ, ಸೆಟ್ ಬದಲಿಸಬೇಕು" ಅಂದರು. ಹೌಸಿಂಗಿನೊಳಗಿನ ಆ ದೊಡ್ಡ, ಸಣ್ಣ ಹಲ್ಲುಚಕ್ರದ ಜೋಡಿ ನಿನ್ನೆವರೆಗೆ ಸುಮ್ನೆ ಇದ್ದದ್ದು ಆಯಿಲ್ ಬದಲಿಸಿದ ದಿನವೇ ಹೇಗೆ ಹೋಗುತ್ತದೆ? ನನಗಂತೂ ನಂಬಿಕೆ ಬರುತ್ತಿಲ್ಲ. ಗೊತ್ತಿದ್ದವರು ದಯವಿಟ್ಟು ಹೇಳಿ, ಏನೇನು ನೋಡಬೇಕು?

ಹಳೇ_ಸ್ಪ್ಯಾನರ್

ಕ್ರೌನ್ ಪಿನಿಯನ್ ಸೆಟ್ ತೆಗೆದುಕೊಳ್ಳುವ ಮಾತು ಈಗಲೇ ಬೇಡ. ನಾನು ದಾವಣಗೆರೆಯಲ್ಲಿ 28 ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ. ಆಯಿಲ್ ಬದಲಿಸಿದ ಮೇಲೆ ಸದ್ದು ಬಂದರೆ ಮೊದಲು ನೋಡಬೇಕಾದದ್ದು ಆಯಿಲನ್ನೇ.

ಗಾಡಿಯನ್ನು ಸಮ ನೆಲದ ಮೇಲೆ ನಿಲ್ಲಿಸಿ. ಅಂಗಳ ಇಳಿಜಾರಿದ್ದರೆ ಬೇಡ, ಮಲೆನಾಡಿನಲ್ಲಿ ಸಮ ಜಾಗ ಸಿಗುವುದೇ ಕಷ್ಟ ಗೊತ್ತು, ಆದರೂ ಹುಡುಕಿ. ಓಡಿಸಿ ಬಂದ ತಕ್ಷಣ ಬಿಚ್ಚಬೇಡಿ, ಆಯಿಲ್ ಕೆಳಗಿಳಿಯಲು ಸ್ವಲ್ಪ ಹೊತ್ತು ಬಿಡಿ. ಆಮೇಲೆ ಮೇಲಿನ ಫಿಲ್ಲರ್ ಪ್ಲಗ್ ಬಿಚ್ಚಿ, ಕೆಳಗಿನದ್ದಲ್ಲ. ಕಿರುಬೆರಳನ್ನು ತೂತಿನೊಳಗೆ ಹಾಕಿ ಕೆಳಗೆ ಬಗ್ಗಿಸಿ. ಆಯಿಲ್ ತೂತಿನ ಕೆಳ ಅಂಚಿಗೆ ಸಮ ಇರಬೇಕು, ಹೆಚ್ಚೆಂದರೆ 5 ಮಿ.ಮೀ. ಕೆಳಗೆ. ಬೆರಳಿಗೆ ತಾಗದಿದ್ದರೆ ಕಡಿಮೆ ಹಾಕಿದ್ದಾರೆ ಎಂದೇ ಅರ್ಥ. ತುಂಬುವಾಗ ಮುಂದಿನ ಚಕ್ರ ರ‍್ಯಾಂಪ್ ಮೇಲೆ ಇದ್ದರೆ ಹೀಗಾಗುತ್ತದೆ. ಹೌಸಿಂಗಿನ ಹಿಂಭಾಗ ತಗ್ಗಿರುತ್ತದೆ, ತೂತು ಇರುವುದೂ ಹಿಂದೆಯೇ, ಅರ್ಧ ತುಂಬುವಷ್ಟರಲ್ಲೇ ಆಯಿಲ್ ಹೊರಗೆ ಸುರಿಯುತ್ತದೆ, ಹುಡುಗರು ಆಯಿತು ಎಂದು ಪ್ಲಗ್ ಹಾಕಿಬಿಡುತ್ತಾರೆ.

ಎರಡನೆಯದು, ಯಾವ ಆಯಿಲ್ ಎಂದು ನೋಡಿ. ಡಬ್ಬಿ ಮೇಲೆ ಜಿಎಲ್-5 (ಗೇರ್ ಆಯಿಲಿನ ದರ್ಜೆ) ಎಂದು ಇರಬೇಕು. ಈ ಹೌಸಿಂಗಿನಲ್ಲಿ ಪಿನಿಯನ್ ಇರುವುದು ಕ್ರೌನಿನ ನಡುಮಧ್ಯದ ಗೆರೆಗಿಂತ ಕೆಳಗೆ, ಇದನ್ನೇ ಹೈಪಾಯ್ಡ್ ಎನ್ನುವುದು. ಹಲ್ಲು ಹಲ್ಲಿನ ಮೇಲೆ ಉರುಳುವುದಷ್ಟೇ ಅಲ್ಲ, ಉದ್ದಕ್ಕೂ ಜಾರುತ್ತದೆ. ಆ ಒತ್ತಡಕ್ಕೆ ಸಾದಾ ಆಯಿಲಿನ ಪದರ ನಿಲ್ಲುವುದಿಲ್ಲ. ಜಿಎಲ್-5ರಲ್ಲಿ ಗಂಧಕ, ರಂಜಕ ಸೇರಿದ ಮದ್ದು ಜಾಸ್ತಿ ಇರುತ್ತದೆ, ಅದು ಬಿಸಿಗೆ ಹಲ್ಲಿನ ಮೇಲೆ ಒಂದು ತೆಳು ಪೊರೆ ಕಟ್ಟುತ್ತದೆ. ಗೇರ್ ಬಾಕ್ಸಿಗೆಂದು ತಂದ ಜಿಎಲ್-4 ಆಯಿಲನ್ನೇ ಹಿಂದಕ್ಕೂ ಹಾಕಿದ್ದರೆ ಇವತ್ತೇ ತೆಗೆಸಿ.

ಮೂರನೆಯದು ನೀವು ಹೇಳದೇ ಬಿಟ್ಟಿರುವ ಮಾತು. ಅವತ್ತು ಆಯಿಲ್ ಬಿಟ್ಟು ಇನ್ನೇನು ಮುಟ್ಟಿದರು? ಬಿಲ್ ತೆಗೆದು ಸಾಲು ಸಾಲಾಗಿ ಬರೆಯಿರಿ. ಟೈರ್ ಬಿಚ್ಚಿದರಾ, ಡ್ರಮ್ ಬಿಚ್ಚಿದರಾ, ಶಾಫ್ಟ್ ಇಳಿಸಿದರಾ, ಎಲ್ಲ.

ಟಿಟಿ_ಚಾಲಕ

ಅಣ್ಣ, ನಾನು ಟೆಂಪೋ ಟ್ರಾವೆಲರ್ ಓಡಿಸುತ್ತೇನೆ, ಬೆಂಗಳೂರು ಧರ್ಮಸ್ಥಳ ಲೈನು. ನನಗೂ ಹೀಗೇ ಆಗಿತ್ತು. ಹಳೇ ಆಯಿಲ್ ದಪ್ಪ ಇತ್ತು, ಹೊಸದು 80ಡಬ್ಲ್ಯೂ-90 ಹಾಕಿಸಿದೆ, ಸದ್ದು ಬಂತು. ಮತ್ತೆ 85ಡಬ್ಲ್ಯೂ-140 ಹಾಕಿಸಿದೆ, ಸದ್ದು ಹೋಯಿತು. ನೀವೂ ಅದನ್ನೇ ಮಾಡಿ ನೋಡಿ, ಕಡಿಮೆ ಖರ್ಚು.

ಹಳೇ_ಸ್ಪ್ಯಾನರ್

ತಮ್ಮಾ, ನಿನ್ನ ಗಾಡಿಯಲ್ಲಿ ಹಲ್ಲು ಮೊದಲೇ ಸವೆದಿತ್ತು. ದಪ್ಪ ಆಯಿಲ್ ಆ ಸದ್ದನ್ನು ನುಂಗಿಕೊಂಡಿತ್ತು, ಅಷ್ಟೇ. 140 ಹಾಕಿದರೆ ಕಿವಿಗೆ ಆರಾಮ, ಸವೆತ ಹಾಗೇ ಇರುತ್ತದೆ. ಹಿಂದೆ ಹಳೇ ಗಾಡಿ ಮಾರುವವರು ಹೌಸಿಂಗಿಗೆ ಮರದ ಹೊಟ್ಟು ಹಾಕಿ ಸದ್ದು ಮುಚ್ಚುತ್ತಿದ್ದರು, ನಾನೇ ಎರಡು ಗಾಡಿಯಿಂದ ಅಂಥ ಗಂಜಿ ತೆಗೆದು ತೊಳೆದಿದ್ದೇನೆ. ಬಾಡಿಗೆಗೆ ಜನರನ್ನು ಕೂರಿಸಿಕೊಂಡು ಘಾಟಿ ಇಳಿಯುವವನು ನೀನು, ಬಿಡುವಾದಾಗ ಒಂದು ಸಲ ಬಿಚ್ಚಿಸಿ ನೋಡು.

ಮೂಡಿಗೆರೆ_ಇನೋವಾ

ತುಂಬಾ ಥ್ಯಾಂಕ್ಸ್ ಸರ್. ಬಿಲ್ ತೆಗೆದು ನೋಡಿದೆ. ಇಂಜಿನ್ ಆಯಿಲ್, ಫಿಲ್ಟರ್. ಗೇರ್ ಆಯಿಲ್ (ಗೇರ್ ಬಾಕ್ಸ್, ಹೌಸಿಂಗ್ ಎರಡಕ್ಕೂ ಸೇರಿಸಿ ಒಂದೇ ಸಾಲು, ಯಾವುದಕ್ಕೆ ಎಷ್ಟು ಎಂದು ಇಲ್ಲ). ಟೈರ್ ರೊಟೇಶನ್. ಕೊನೆಗೆ "ಟೇಲ್ ಪಿನಿಯನ್ ಸೀಲ್ 1" ಎಂದು ಇದೆ, ಅಂದರೆ ಪಿನಿಯನ್ ಹೌಸಿಂಗಿನಿಂದ ಹೊರಬರುವ ಜಾಗದಲ್ಲಿ ಆಯಿಲ್ ತಡೆಯುವ ಸೀಲ್. ಹೌದು, ಆ ಜಾಗದಲ್ಲಿ ಸ್ವಲ್ಪ ಆಯಿಲ್ ಜಿನುಗುತ್ತಿತ್ತು, ಅದನ್ನೂ ಹಾಕಿ ಎಂದು ನಾನೇ ಹೇಳಿದ್ದೆ, ಮರೆತೇ ಹೋಗಿತ್ತು.

ಡಬ್ಬಿ ಇನ್ನೂ ಡಿಕ್ಕಿಯಲ್ಲೇ ಇದೆ. 80ಡಬ್ಲ್ಯೂ-90, ಜಿಎಲ್-5. ಅದು ಸರಿ ಅಲ್ವಾ?

ಇವತ್ತು ಸಂಜೆ ಕಾಫಿ ಕಣದ ಮೇಲೆ ಗಾಡಿ ನಿಲ್ಲಿಸಿದೆ, ನಮ್ಮಲ್ಲಿ ಸಮ ಜಾಗ ಎಂದರೆ ಅದೊಂದೇ. ಫಿಲ್ಲರ್ ಪ್ಲಗ್ ಬಿಚ್ಚಿ ಬೆರಳು ಹಾಕಿದೆ. ಏನೂ ತಾಗಲಿಲ್ಲ! ಒಂದು ತಂತಿ ಬಗ್ಗಿಸಿ ಅದ್ದಿ ನೋಡಿದರೆ ಎರಡು ಬೆರಳಷ್ಟು ಕೆಳಗಿದೆ. ತುಂಬಾ ಸಿಟ್ಟು ಬಂತು. ನಾಳೆ ಆಯಿಲ್ ತಂದು ತುಂಬಿಸುತ್ತೇನೆ.

ಹಾಸನದ_ಹುಡುಗ

ಟೈರ್ ರೊಟೇಶನ್ ಮಾಡಿಸಿದ್ದೀರಿ, ಅದನ್ನು ಬಿಡಬೇಡಿ. ಮುಂದೆ ಇದ್ದ ಟೈರ್ ಅಲೈನ್‌ಮೆಂಟ್ ಇಲ್ಲದೆ ಹಲ್ಲು ಹಲ್ಲಾಗಿ ಸವೆದಿದ್ದರೆ, ಹಿಂದಕ್ಕೆ ಹಾಕಿದಾಗ ಥೇಟ್ ಬೇರಿಂಗ್ ಸದ್ದಿನ ಹಾಗೇ ಕೇಳುತ್ತದೆ. ನಮ್ಮ ಮಾವನ ಗಾಡಿಗೆ ಇದೇ ಕಾರಣಕ್ಕೆ ವೀಲ್ ಬೇರಿಂಗ್ ಎರಡೂ ಬದಲಿಸಿದರು, ಆಮೇಲೂ ಸದ್ದು ಹಾಗೇ. ಅಂಗೈಯನ್ನು ಟೈರಿನ ಮೇಲೆ ಸುತ್ತಲೂ ಒಂದು ಸಲ ಮುಂದಕ್ಕೆ, ಒಂದು ಸಲ ಹಿಂದಕ್ಕೆ ಸವರಿ. ಒಂದು ಕಡೆ ನುಣುಪು, ಇನ್ನೊಂದು ಕಡೆ ಗರಗಸದ ಹಾಗೆ ತರಚಿದರೆ ಸದ್ದಿಗೆ ಅದೂ ಒಂದು ಕಾರಣ. ರಸ್ತೆ ಬದಲಾದರೆ ಟೈರ್ ಸದ್ದೂ ಬದಲಾಗುತ್ತದೆ. ಒರಟು ಟಾರಿನಿಂದ ಹೊಸ ನುಣುಪು ಟಾರಿಗೆ ಬಂದಾಗ ಗಮನಿಸಿ. ಹೌಸಿಂಗ್ ಸದ್ದು ರಸ್ತೆ ಯಾವುದಿದ್ದರೂ ಒಂದೇ.

ಹಳೇ_ಸ್ಪ್ಯಾನರ್

ಒಳ್ಳೇ ಮಾತು ಹೇಳಿದಿರಿ. ಹುಡುಗರು ಸದ್ದು ಎಂದ ತಕ್ಷಣ ಸ್ಪ್ಯಾನರ್ ಎತ್ತುತ್ತಾರೆ, ಟೈರ್ ಮುಟ್ಟಿ ನೋಡುವುದಿಲ್ಲ.

ಮೂಡಿಗೆರೆಯವರೇ, ಆಯಿಲ್ ಸರಿಯಾದದ್ದೇ. ಆದರೆ ಸೀಲ್ ಹಾಕಿಸಿದ್ದೀರಿ ಎಂದಿರಲ್ಲ, ನನಗೆ ಚಿಂತೆ ಶುರುವಾಗಿದ್ದು ಅಲ್ಲಿ. ಅದನ್ನು ಆಮೇಲೆ ಬರೆಯುತ್ತೇನೆ. ಮೊದಲು ಆಯಿಲ್ ತುಂಬಿಸಿ ಒಂದು ಸುತ್ತು ಹೋಗಿ ಬನ್ನಿ. ಜಾಸ್ತಿ ತುಂಬಬೇಡಿ, ತೂತಿನಿಂದ ತಾನೇ ಹೊರಬರುವಾಗ ನಿಲ್ಲಿಸಿ. ಮೀರಿದರೆ ಆಕ್ಸಲ್ ಸೀಲ್ ದಾಟಿ ಹಿಂದಿನ ಡ್ರಮ್ಮಿಗೆ ಇಳಿಯುತ್ತದೆ, ಬ್ರೇಕ್ ಶೂ ನೆನೆದರೆ ಘಾಟಿಯಲ್ಲಿ ದೇವರೇ ಗತಿ. ಹೌಸಿಂಗ್ ಮೇಲೆ ಬ್ರೀದರ್ ಅಂತ ಒಂದು ಪುಟ್ಟ ಟೋಪಿ ಇರುತ್ತದೆ, ಅದು ಕೆಸರು ಕಟ್ಟಿದೆಯಾ ನೋಡಿ. ಮುಚ್ಚಿಹೋಗಿದ್ದರೆ ಒಳಗೆ ಗಾಳಿಯ ಒತ್ತಡ ಏರಿ ಸೀಲಿನಿಂದ ಆಯಿಲ್ ತಳ್ಳುತ್ತದೆ. ನಿಮ್ಮ ಮೊದಲಿನ ಜಿನುಗಿಗೆ ಅದೇ ಕಾರಣ ಇದ್ದರೂ ಇರಬಹುದು.

ಹೋಗುವಾಗ ಇಷ್ಟು ಗಮನಿಸಿ. ಒಂದೇ 60ರ ವೇಗದಲ್ಲಿ ಒಮ್ಮೆ ನಾಲ್ಕನೇ ಗೇರ್, ಒಮ್ಮೆ ಐದನೇ ಗೇರ್. ಸದ್ದಿನ ಸ್ವರ ಬದಲಾಗದಿದ್ದರೆ ಅದು ಇಂಜಿನ್ ಕಡೆಯದ್ದಲ್ಲ, ಗೇರ್ ಬಾಕ್ಸಿನಿಂದ ಹಿಂದಿನದ್ದು. ಆಮೇಲೆ ಖಾಲಿ ಇರುವ ನೇರ ರಸ್ತೆಯಲ್ಲಿ ನ್ಯೂಟ್ರಲ್ ಮಾಡಿ ಹಾಗೇ ಉರುಳಲು ಬಿಡಿ. ಘಾಟಿಯಲ್ಲಿ ಮಾತ್ರ ಇದನ್ನು ಮಾಡಲೇಬೇಡಿ. ಹಲ್ಲಿನ ಸದ್ದಾದರೆ ಆಕ್ಸಿಲರೇಟರ್ ಒತ್ತಿದಾಗ ಒಂದು ಥರ, ಬಿಟ್ಟಾಗ ಇನ್ನೊಂದು ಥರ ಇರುತ್ತದೆ. ಬೇರಿಂಗ್ ಸದ್ದಿಗೆ ಭಾರ ಇದ್ದರೂ ಇಲ್ಲದಿದ್ದರೂ ಗೊಣಗುವುದೇ ಕೆಲಸ. ಸ್ಟೀರಿಂಗ್ ಸ್ವಲ್ಪ ಎಡಕ್ಕೆ ಬಲಕ್ಕೆ ತೂಗಿದಾಗ ಜಾಸ್ತಿ ಕಡಿಮೆ ಆದರೆ ವೀಲ್ ಬೇರಿಂಗ್. ತಿರುವಿನಲ್ಲಿ ಮಾತ್ರ ಬಂದರೆ ಒಳಗಿನ ಸಣ್ಣ ಗೇರ್‌ಗಳು. ಸದ್ದಿನ ಸ್ವರವನ್ನೂ ಕೇಳಿಸಿಕೊಳ್ಳಿ. ಟೈರ್ ಒಂದು ಸುತ್ತು ಬರುವಷ್ಟರಲ್ಲಿ ಪಿನಿಯನ್ ಸುಮಾರು ನಾಲ್ಕು ಸುತ್ತು ಬರುತ್ತದೆ. ಹಾಗಾಗಿ ಪಿನಿಯನ್ ಬೇರಿಂಗಿನ ದನಿ ಸಣ್ಣ, ವೀಲ್ ಬೇರಿಂಗಿನ ದನಿ ದಪ್ಪ.

ಮೂಡಿಗೆರೆ_ಇನೋವಾ

ಮೂರು ದಿನ ಆಯಿತು, ಎಲ್ಲ ಮಾಡಿ ಬಂದೆ.

650 ಮಿ.ಲೀ. ಹಿಡಿಯಿತು. ನಂಬಲಿಕ್ಕೇ ಆಗಲಿಲ್ಲ. ಇಷ್ಟು ಕಡಿಮೆ ಆಯಿಲಿನಲ್ಲಿ ಎರಡು ಸಲ ಘಾಟಿ ಹತ್ತಿದ್ದೇನೆ. ಬ್ರೀದರ್ ಪೂರ್ತಿ ಕೆಂಪು ಮಣ್ಣು, ತೊಳೆದು ಹಾಕಿದೆ. ಟೈರ್ ಸವರಿದೆ, ಎಡಗಡೆ ಹಿಂದಿನದ್ದು ಗರಗಸವೇ. ಹಿಂದಿನ ಎರಡೂ ಟೈರನ್ನು ಮತ್ತೆ ಮುಂದಕ್ಕೆ ಹಾಕಿಸಿದೆ. ಈಗ ಸದ್ದು ಎರಡು ಇತ್ತು ಎಂದು ಗೊತ್ತಾಯಿತು! ದಪ್ಪನೆಯ ಹೂಂ ಎನ್ನುವುದು ಮುಂದಕ್ಕೆ ಬಂತು, ಅದು ಟೈರಿನದ್ದು. ಸಣ್ಣ ದನಿಯ ಗುಂಯ್ ಹಿಂದೆಯೇ ಉಳಿಯಿತು. ಆಯಿಲ್ ತುಂಬಿದ ಮೇಲೆ ಸ್ವಲ್ಪ ಮೆತ್ತಗಾಗಿದೆ, ಹೋಗಿಲ್ಲ.

ಗೇರ್ ಬದಲಿಸಿದರೆ ಸ್ವರ ಬದಲಾಗುವುದಿಲ್ಲ. ನ್ಯೂಟ್ರಲ್ ಮಾಡಿದರೂ ಇದೆ. ಸ್ಟೀರಿಂಗ್ ತೂಗಿದರೆ ವ್ಯತ್ಯಾಸ ಇಲ್ಲ. ಬಿ.ಸಿ.ರೋಡ್‌ವರೆಗೆ ಹೋಗಿ ಬಂದು ನಿಲ್ಲಿಸಿದಾಗ, ಪ್ರೊಪೆಲ್ಲರ್ ಶಾಫ್ಟ್ ಬಂದು ಸೇರುವ ಮೂಗಿನ ಮೇಲೆ ಎರಡು ಹನಿ ನೀರು ಹಾಕಿದೆ. ಚುಂಯ್ ಎಂದು ಆರಿಹೋಯಿತು. ಹಿಂದಿನ ಗುಂಡು ಭಾಗದ ಮೇಲೆ ಹಾಕಿದರೆ ನೀರು ಸುಮ್ನೆ ಜಾರಿ ಇಳಿಯಿತು.

ಹಳೇ_ಸ್ಪ್ಯಾನರ್

ಆ ಚುಂಯ್ ಸದ್ದೇ ಉತ್ತರ. ಈಗ ಸೀಲಿನ ವಿಷಯ ಹೇಳುತ್ತೇನೆ, ಇದನ್ನು ಗಾಡಿ ಇಟ್ಟುಕೊಂಡವರೆಲ್ಲ ಓದಲಿ ಎಂದು ನನ್ನ ಆಸೆ.

ಪಿನಿಯನ್ ಎರಡು ಟೇಪರ್ ಬೇರಿಂಗ್ ಮೇಲೆ ನಿಂತಿರುತ್ತದೆ. ಅವೆರಡರ ನಡುವೆ ತೆಳು ಕಬ್ಬಿಣದ ಒಂದು ಕೊಳವೆ, ನಾವು ಕ್ರಷ್ ಸ್ಲೀವ್ ಎನ್ನುತ್ತೇವೆ. ಮುಂದಿನ ನಟ್ ಬಿಗಿ ಮಾಡಿದಂತೆ ಆ ಕೊಳವೆ ಸ್ವಲ್ಪ ಸ್ವಲ್ಪವೇ ನಜ್ಜಾಗುತ್ತದೆ, ಬೇರಿಂಗ್ ಎರಡೂ ಹತ್ತಿರ ಬರುತ್ತವೆ. ಆಟವೂ ಇರಬಾರದು, ಹಿಸುಕಿದ ಹಾಗೂ ಆಗಬಾರದು. ಅದಕ್ಕೆ ಪ್ರಿಲೋಡ್ ಎನ್ನುತ್ತಾರೆ. ಎಲ್ಲ ಗಾಡಿಯಲ್ಲೂ ಸ್ಲೀವ್ ಇರುವುದಿಲ್ಲ, ಕೆಲವಕ್ಕೆ ಆ ಜಾಗದಲ್ಲಿ ಶಿಮ್ (ತೆಳು ಬಿಲ್ಲೆ) ಬರುತ್ತದೆ. ನಿಮ್ಮದು ಸ್ಲೀವ್ ಇರುವ ಗಾಡಿ.

ಸೀಲ್ ಬದಲಿಸಬೇಕಾದರೆ ಈ ನಟ್ ಬಿಚ್ಚಲೇಬೇಕು. ಗೊತ್ತಿರುವವನು ಬಿಚ್ಚುವ ಮೊದಲು ನಟ್, ಶಾಫ್ಟ್, ಫ್ಲಾಂಜ್ (ಪ್ರೊಪೆಲ್ಲರ್ ಶಾಫ್ಟ್ ಬಂದು ಸೇರುವ ತಟ್ಟೆ) ಮೂರಕ್ಕೂ ಸೇರಿಸಿ ಪಂಚ್‌ನಲ್ಲಿ ಗುರುತು ಹೊಡೆಯುತ್ತಾನೆ. ಪಿನಿಯನ್ ಎಷ್ಟು ಬಿಗಿಯಾಗಿ ತಿರುಗುತ್ತದೆ ಎಂದು ಅಳೆದು ಬರೆದಿಟ್ಟುಕೊಳ್ಳುತ್ತಾನೆ. ವಾಪಸ್ ಹಾಕುವಾಗ ಗುರುತಿಗೆ ತಂದು ಕೂದಲೆಳೆಯಷ್ಟು ಜಾಸ್ತಿ ತಿರುಗಿಸಿ, ಮತ್ತೆ ಅಳೆದು ನಿಲ್ಲಿಸುತ್ತಾನೆ. ನಟ್‌ನ ತುಟಿಯನ್ನು ಶಾಫ್ಟಿನ ಕಚ್ಚಿಗೆ ಬಡಿದು ಲಾಕ್ ಮಾಡುತ್ತಾನೆ. ಗೊತ್ತಿಲ್ಲದವನು ಏರ್ ಗನ್ ಇಟ್ಟು ಟರ್ ಎನಿಸುತ್ತಾನೆ. ಎರಡು ಸೆಕೆಂಡಿನಲ್ಲಿ ಸ್ಲೀವ್ ಇನ್ನಷ್ಟು ನಜ್ಜಾಗಿ ಬೇರಿಂಗ್ ಕಚ್ಚಿಕೊಳ್ಳುತ್ತದೆ. ನಟ್ ಸಡಿಲ ಮಾಡಿದರೆ ಸರಿಹೋಗುತ್ತದೆ ಎಂದುಕೊಳ್ಳಬೇಡಿ. ನಜ್ಜಾದ ಸ್ಲೀವ್ ವಾಪಸ್ ಉಬ್ಬುವುದಿಲ್ಲ, ಆಗ ಪಿನಿಯನ್ ಅಲ್ಲಾಡುತ್ತದೆ, ಅದು ಇನ್ನೂ ಅಪಾಯ.

ಅದರ ಮೇಲೆ ನಿಮಗೆ ಆಯಿಲ್ ಕಡಿಮೆ ಇತ್ತು. ಮುಂದಿನ ಬೇರಿಂಗಿಗೆ ಆಯಿಲ್ ಹೋಗುವುದು ಕ್ರೌನ್ ಎತ್ತಿ ಎರಚಿದಾಗ ಮಾತ್ರ. ಘಾಟಿ ಹತ್ತುವಾಗ ಗಾಡಿಯ ಮೂಗು ಮೇಲೆ, ಇದ್ದಬದ್ದ ಆಯಿಲೆಲ್ಲ ಹಿಂದಕ್ಕೆ ಸರಿಯುತ್ತದೆ. ಬಿಗಿಯಾದ ಬೇರಿಂಗು, ಅದಕ್ಕೆ ಆಯಿಲೂ ಇಲ್ಲ. ಹತ್ತುವಾಗ ಸದ್ದು ಜೋರು ಎಂದಿರಲ್ಲ, ಇದೇ ಕಾರಣ.

ಇನ್ನು ಈ ಗಾಡಿಯಲ್ಲಿ ಅಮ್ಮನನ್ನು ಕರೆದುಕೊಂಡು ಘಾಟಿ ಇಳಿಯಬೇಡಿ. ಬೇರಿಂಗ್ ಕಚ್ಚಿ ಹಿಡಿದರೆ ಹಿಂದಿನ ಚಕ್ರ ನಿಂತುಬಿಡುತ್ತದೆ. ಬೇರೆ ಗಾಡಿ ಮಾಡಿಕೊಂಡು ಹೋಗಿ. ಅಳೆದು ಕೆಲಸ ಮಾಡುವ ಹಿರಿಯ ಮೆಕ್ಯಾನಿಕ್ ಒಬ್ಬರನ್ನು ಹುಡುಕಿ. "ಪ್ರಿಲೋಡ್ ಹೇಗೆ ನೋಡುತ್ತೀರಿ" ಎಂದು ಮೊದಲೇ ಕೇಳಿ. ಕೈಯಲ್ಲಿ ತಿರುಗಿಸಿದರೆ ಗೊತ್ತಾಗುತ್ತದೆ ಎಂದರೆ ಮುಂದಿನ ಗ್ಯಾರೇಜಿಗೆ ನಡೆಯಿರಿ.

ಟಿಟಿ_ಚಾಲಕ

ಸರ್, ನನ್ನದಕ್ಕೂ ಹೋದ ವರ್ಷ ಸೀಲ್ ಹಾಕಿಸಿದ್ದೆ, ಏರ್ ಗನ್‌ನಲ್ಲೇ. ಈಗ ಭಯ ಆಗುತ್ತಿದೆ. ಆಯಿಲ್ ಇಳಿಸಿ ನೋಡಿದರೆ ಏನಾದರೂ ಗೊತ್ತಾಗುತ್ತದಾ?

ಹಳೇ_ಸ್ಪ್ಯಾನರ್

ಗೊತ್ತಾಗುತ್ತದೆ. ಡ್ರೈನ್ ಪ್ಲಗ್‌ನಲ್ಲಿ ಅಯಸ್ಕಾಂತ ಇದ್ದರೆ ಅದರ ಮೇಲೆ ಏನಿದೆ ನೋಡು. ಬೂದು ಬಣ್ಣದ ನುಣ್ಣನೆ ಮುಲಾಮಿನಂಥದ್ದು ಇದ್ದರೆ ಮಾಮೂಲಿ ಸವೆತ. ಬೆರಳ ನಡುವೆ ಉಜ್ಜಿದಾಗ ಚುಚ್ಚಿದರೆ, ಚೂರು ಅಥವಾ ಹೊಪ್ಪಳೆ ಕಂಡರೆ, ಬಿಚ್ಚಲೇಬೇಕು. ಆಯಿಲ್ ಹಾಲು ಬೆರೆಸಿದ ಕಾಫಿಯ ಬಣ್ಣ ಇದ್ದರೆ ನೀರು ಹೋಗಿದೆ. ಸುಟ್ಟ ವಾಸನೆ ಇದ್ದರೂ ಬಿಡಬೇಡ.

ಮೂಡಿಗೆರೆ_ಇನೋವಾ

ತಡವಾಯಿತು, ಕ್ಷಮಿಸಿ. ಕೆಲಸ ಮುಗಿಯಿತು, ಬರೆಯಲೇಬೇಕು ಅನ್ನಿಸಿತು.

ಚಿಕ್ಕಮಗಳೂರಿನಲ್ಲಿ ವಯಸ್ಸಾದ ಮೆಕ್ಯಾನಿಕ್ ಒಬ್ಬರು ಸಿಕ್ಕಿದರು. ನೀವು ಹೇಳಿದ ಪ್ರಶ್ನೆಯನ್ನೇ ಕೇಳಿದೆ. ಅವರು ಏನೂ ಹೇಳದೆ ಒಳಗೆ ಹೋಗಿ ಮೀನು ತೂಗುವ ಸ್ಪ್ರಿಂಗ್ ತಕ್ಕಡಿ ತಂದು ತೋರಿಸಿದರು! ಹೌಸಿಂಗಿನಿಂದ ಕ್ರೌನ್, ಪಿನಿಯನ್ ಕೂತಿರುವ ಇಡೀ ಗುಂಡು ಇಳಿಸಿ, ಕ್ರೌನ್ ತೆಗೆದು, ಪಿನಿಯನ್ ಮಾತ್ರ ಉಳಿಸಿಕೊಂಡು ಫ್ಲಾಂಜಿಗೆ ದಾರ ಸುತ್ತಿದರು. ದಾರದ ತುದಿಗೆ ತಕ್ಕಡಿ ಕೊಕ್ಕೆ ಹಾಕಿ ಮೆಲ್ಲಗೆ ಎಳೆದರು. ಮುಳ್ಳು 8 ಕೆ.ಜಿ. ಹತ್ತಿರ ಹೋದ ಮೇಲೆ ಫ್ಲಾಂಜ್ ತಿರುಗಿತು, ಅದೂ ತಡೆದು ತಡೆದು. ದಾರ ಸುತ್ತಿದ ಜಾಗ ನಡುವಿನಿಂದ 5 ಸೆಂ.ಮೀ., ಅಂದರೆ ಸುಮಾರು 4 ನ್ಯೂಟನ್ ಮೀಟರ್. ಹೊಸ ಬೇರಿಂಗಿಗೇ ಇದರ ಅರ್ಧಕ್ಕಿಂತ ಕಡಿಮೆ ಇರಬೇಕು, ಓಡಿದ ಬೇರಿಂಗಿಗೆ ಹೊಸದರ ಅರ್ಧ ಸಾಕು ಎಂದರು.

ಬಿಚ್ಚಿದಾಗ ಮುಂದಿನ ಬೇರಿಂಗಿನ ರೋಲರ್‌ಗಳು ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿದ್ದವು. ಹೊರ ಕಪ್ ಮೇಲೆ ಉಗುರಿಗೆ ಸಿಗುವಷ್ಟು ಗೀರು. ಹಿಂದಿನ ಬೇರಿಂಗ್ ಬಣ್ಣ ಬದಲಾಗಿರಲಿಲ್ಲ, ಆದರೂ ಎರಡನ್ನೂ ಬದಲಿಸಿದರು. ಕ್ರೌನ್ ಪಿನಿಯನ್ ಹಲ್ಲು ಕನ್ನಡಿ ಹಾಗೆ ಇತ್ತು. ಹಿಂದಿನ ಬೇರಿಂಗಿನ ಕೆಳಗೆ ಪಿನಿಯನ್ ಆಳ ಸರಿಹೊಂದಿಸಲು ಇದ್ದ ಹಳೇ ಶಿಮ್ಮನ್ನೇ ಹಾಕಿ, ಹೊಸ ಸ್ಲೀವ್, ಹೊಸ ಸೀಲ್, ಹೊಸ ನಟ್. ಉದ್ದನೆ ರಾಡ್ ಹಿಡಿದು ನಟ್ ಅನ್ನು ಒಂದು ಚೂರು ತಿರುಗಿಸುವುದು, ತಕ್ಕಡಿ ಎಳೆಯುವುದು, ಮತ್ತೆ ಒಂದು ಚೂರು. ಅರ್ಧ ಗಂಟೆ ಇದೇ ನಡೆಯಿತು. 2 ಕೆ.ಜಿ. ಚಿಲ್ಲರೆಗೆ ನಿಲ್ಲಿಸಿದರು. ಕ್ರೌನ್ ಕೂರಿಸಿ ಡಯಲ್ ಗೇಜ್ ಇಟ್ಟು ಹಲ್ಲಿನ ನಡುವಿನ ಆಟ ನೋಡಿದರು, 0.15 ಮಿ.ಮೀ. ಹಲ್ಲಿಗೆ ನೀಲಿ ಬಣ್ಣ ಬಳಿದು ತಿರುಗಿಸಿ, ಗುರುತು ಹಲ್ಲಿನ ನಡುವೆ ಬಿದ್ದಿದೆ ಎಂದು ನನ್ನನ್ನು ಕರೆದು ತೋರಿಸಿದರು. ಪಾಪ, ಅಷ್ಟು ತಾಳ್ಮೆ.

ಮೊದಲಿನ ಗ್ಯಾರೇಜಿನವರು ಹೇಳಿದ ಹಾಗೆ ಸೆಟ್ ಕೊಂಡಿದ್ದರೆ ಒಳ್ಳೇ ಹಲ್ಲನ್ನು ಗುಜರಿಗೆ ಹಾಕಿದ ಹಾಗಾಗುತ್ತಿತ್ತು. ಬೇರಿಂಗ್ ಎರಡು, ಸ್ಲೀವ್, ಸೀಲ್, ಆಯಿಲ್, ಕೂಲಿ ಎಲ್ಲ ಸೇರಿಸಿದರೂ ಅವರು ಹೇಳಿದ್ದರ ಮೂರರಲ್ಲಿ ಒಂದು ಭಾಗ ಆಗಲಿಲ್ಲ.

ಮೊನ್ನೆ ಅಮ್ಮನನ್ನು ಕರೆದುಕೊಂಡು ಮಂಗಳೂರಿಗೆ ಹೋಗಿ ಬಂದೆ. ಕೊಟ್ಟಿಗೆಹಾರದಲ್ಲಿ ನಿಲ್ಲಿಸಿ ನೀರ್ದೋಸೆ ತಿನ್ನುವ ಮೊದಲು ಕೆಳಗೆ ಬಗ್ಗಿ ಮೂಗಿನ ಮೇಲೆ ಎರಡು ಹನಿ ನೀರು ಹಾಕಿದೆ. ಜಾರಿ ಕೆಳಗೆ ಬಿತ್ತು. ಕೊನೆ ಸೀಟಿನಲ್ಲಿ ತಂಗಿ ಮಗ ಮಲಗಿದ್ದವನು ಎದ್ದೇ ಇರಲಿಲ್ಲ.

1,000 ಕಿ.ಮೀ. ಆದ ಮೇಲೆ ಈ ಆಯಿಲ್ ಇಳಿಸಿ ಪ್ಲಗ್ ನೋಡೋಣ ಎಂದಿದ್ದಾರೆ. ಅವತ್ತು ಅಯಸ್ಕಾಂತದ ಫೋಟೋ ಇಲ್ಲೇ ಹಾಕುತ್ತೇನೆ, ಸ್ಪ್ಯಾನರ್ ಸರ್ ನೋಡಿ ಹೇಳಬೇಕು.

ಹಳೇ_ಸ್ಪ್ಯಾನರ್

ಹಾಕಿ, ಖಂಡಿತ ನೋಡುತ್ತೇನೆ. ಆ ಹಿರಿಯರಿಗೆ ನನ್ನ ನಮಸ್ಕಾರ ತಿಳಿಸಿ. ಮುಂದಿನ ಎಡ ಟೈರಿನ ಗರಗಸ ಮರೆಯಬೇಡಿ, ಅಲೈನ್‌ಮೆಂಟ್ ಮಾಡಿಸಿ, ಶಾಕ್ ಅಬ್ಸಾರ್ಬರ್ ಕೂಡ ನೋಡಿಸಿ.